ಒಣಗಿದರೂ, ಕುದಿಸಿದರೂ ಸಾಯದ ಬ್ಯಾಕ್ಟೀರಿಯಾ: ಗುಟ್ಟು ಇರುವುದು ನೀರಿನಲ್ಲಿ

ಪ್ರಶ್ನೆ: ಕುದಿಸಿದರೆ ಎಲ್ಲಾ ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ. ಈಚೆಗೆ ಓದಿದ್ದೇ ಬೇರೆ. ಕೆಲವು ಬ್ಯಾಕ್ಟೀರಿಯಾ ಗಂಟೆಗಟ್ಟಲೆ ಕುದಿಸಿದರೂ ಉಳಿಯುತ್ತವಂತೆ, ವರ್ಷಗಟ್ಟಲೆ ಒಣಗಿ ಬಿದ್ದಿದ್ದರೂ ಮತ್ತೆ ಬೆಳೆಯುತ್ತವಂತೆ, ಮನುಷ್ಯನನ್ನು ಕೊಲ್ಲುವ ವಿಕಿರಣದ ಸಾವಿರ ಪಟ್ಟನ್ನೂ ತಡೆದುಕೊಳ್ಳುತ್ತವಂತೆ. ಇದು ನಿಜವೇ? ಭೂಮಿಯ ಮೇಲೆ ಅಷ್ಟು ವಿಕಿರಣ ಎಲ್ಲೂ ಇಲ್ಲ. ಹಾಗಿರುವಾಗ ಇವು ಅದನ್ನು ತಡೆಯಲು ಕಲಿತದ್ದಾದರೂ ಎಲ್ಲಿ? ಇವುಗಳಿಂದ ನಮಗೆ ಅಪಾಯ ಇದೆಯೇ?

ಉತ್ತರ: ನೀವು ಓದಿದ ಮೂರೂ ಮಾತು ನಿಜ. ಆದರೆ ಮೂರೂ ಒಂದೇ ಬ್ಯಾಕ್ಟೀರಿಯಾದ ಕಥೆಯಲ್ಲ. ಕುದಿಯುವ ನೀರನ್ನು ತಡೆಯುವುದು ಒಂದು ಗುಂಪು, ವಿಕಿರಣವನ್ನು ತಡೆಯುವುದು ಇನ್ನೊಂದು ಗುಂಪು. ಒಂದು ಗುಂಪು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತದೆ. ಇನ್ನೊಂದು ಏಟು ತಿಂದು, ಚೂರುಚೂರಾಗಿ, ಆಮೇಲೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಎರಡನ್ನೂ ಒಂದೇ ಎಂದು ಬೆರೆಸಿದರೆ ವಿಷಯ ಸುಮ್ನೆ ಗೋಜಲಾಗುತ್ತದೆ.

ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಒಣಗುವುದು, ಬಿಸಿ, ವಿಕಿರಣ ಇವು ಮೂರೂ ಕೇಳಲು ಬೇರೆ ಬೇರೆ ಕಷ್ಟ. ಆದರೆ ಮೂರರ ಒಳಗೂ ನೀರಿನ ಕೈವಾಡ ಇದೆ. ಸಾಮಾನ್ಯ ಬ್ಯಾಕ್ಟೀರಿಯಾ ಕೋಶದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಅದು ಹೋದರೂ ಕಷ್ಟ, ಇದ್ದರೂ ಕಷ್ಟ. ಅದಕ್ಕೇ ನೀರಿನ ಎಳೆಯನ್ನೇ ಹಿಡಿದುಕೊಂಡು ಹೋಗೋಣ.

ಮೊದಲು ಒಣಗುವ ವಿಷಯ. ಕೋಶದ ಪೊರೆ, ಒಳಗಿನ ಪ್ರೋಟೀನ್, ಡಿಎನ್‌ಎ ಎಲ್ಲವೂ ತಮ್ಮ ಆಕಾರ ಉಳಿಸಿಕೊಳ್ಳುವುದು ಸುತ್ತಲೂ ನೀರಿನ ಅಣುಗಳು ಅಂಟಿಕೊಂಡಿರುವುದರಿಂದ. ನೀರು ಹೋದಾಗ ಪೊರೆಯ ಕೊಬ್ಬಿನ ಅಣುಗಳು ಒಂದಕ್ಕೊಂದು ಒತ್ತಿಕೊಂಡು ಗಟ್ಟಿಯಾಗುತ್ತವೆ. ಮತ್ತೆ ನೀರು ಬಂದಾಗ ಅಲ್ಲೇ ಸೋರುತ್ತದೆ. ಪ್ರೋಟೀನ್‌ಗಳು ಮಡಿಕೆ ತಪ್ಪಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಡಿಎನ್‌ಎ ಅಲ್ಲಲ್ಲಿ ತುಂಡಾಗುತ್ತದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಣಗುವುದು ಅಂದರೆ ಬರೀ ಬಾಯಾರಿಕೆಯಲ್ಲ, ಕೋಶದ ಒಳಗೆ ಡಿಎನ್‌ಎ ಮುರಿಯುವ ಘಟನೆ ಅದು.

ಇದಕ್ಕೆ ಕೆಲವು ಬ್ಯಾಕ್ಟೀರಿಯಾ ಕಂಡುಕೊಂಡ ಉಪಾಯ ಸಕ್ಕರೆ. ಟ್ರೆಹಲೋಸ್ ಎಂಬ ಒಂದು ಬಗೆಯ ಸಕ್ಕರೆಯನ್ನು ಅವು ಕೋಶದ ಒಳಗೆ ತುಂಬಿಕೊಳ್ಳುತ್ತವೆ. ನೀರು ಹೋದ ಜಾಗದಲ್ಲಿ ಈ ಸಕ್ಕರೆಯ ಅಣುಗಳು ಬಂದು ಕೂರುತ್ತವೆ, ಪೊರೆಗೂ ಪ್ರೋಟೀನ್‌ಗೂ ಆಸರೆ ಕೊಡುತ್ತವೆ. ಪೂರ್ತಿ ಒಣಗಿದಾಗ ಇದು ಹರಳಾಗುವುದಿಲ್ಲ, ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಆ ಗಾಜಿನೊಳಗೆ ಯಾವ ಅಣುವೂ ಹೆಚ್ಚು ಅಲುಗಾಡಲು ಆಗುವುದಿಲ್ಲ. ಅಲುಗಾಟ ಇಲ್ಲ ಅಂದರೆ ಕೆಡುವುದೂ ನಿಧಾನ. ಬಂಡೆಗಳ ಮೇಲೆ ಕಪ್ಪಗೆ ಒಣಗಿ ಅಂಟಿಕೊಂಡಿರುವ ನಾಸ್ಟಾಕ್ ಎಂಬ ಸಯನೋಬ್ಯಾಕ್ಟೀರಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಒಣಗಿದಾಗ ಮುಟ್ಟಿದರೆ ಪುಡಿಯಾಗುವ ಸಿಪ್ಪೆಯ ಹಾಗಿರುತ್ತದೆ. ನೀರು ಬಿದ್ದರೆ ಸ್ವಲ್ಪ ಹೊತ್ತಿಗೆ ಉಬ್ಬಿ, ಲೋಳೆಲೋಳೆಯಾಗಿ, ಹಸಿರು ಬಣ್ಣಕ್ಕೆ ತಿರುಗುತ್ತದೆ.

ಪ್ರಯೋಗಾಲಯದಲ್ಲಿ ನಾವೂ ಇದೇ ಕೆಲಸ ಮಾಡುತ್ತೇವೆ. ಬ್ಯಾಕ್ಟೀರಿಯಾವನ್ನು ಕೆನೆ ತೆಗೆದ ಹಾಲಿನಲ್ಲೋ ಸಕ್ಕರೆ ದ್ರಾವಣದಲ್ಲೋ ಬೆರೆಸಿ, ಹೆಪ್ಪುಗಟ್ಟಿಸಿ, ಗಾಳಿ ಎಳೆದು ಒಣಗಿಸಿ, ಪುಟ್ಟ ಗಾಜಿನ ಆಂಪ್ಯೂಲ್‌ನಲ್ಲಿ ಸೀಲ್ ಮಾಡಿ ಇಡುತ್ತೇವೆ. ಇಪ್ಪತ್ತು ವರ್ಷಕ್ಕಿಂತ ಹಳೆಯ ಆಂಪ್ಯೂಲ್ ಒಂದನ್ನು ನಾನು ಮೊದಲ ಸಲ ಒಡೆದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ, ಅಷ್ಟೇ. ಉಸಿರು ತಾಗಿದರೆ ಹಾರಿಹೋಗುವಷ್ಟು ಹಗುರ. ಅದಕ್ಕೆ ನಾಲ್ಕು ಹನಿ ಪೋಷಕ ದ್ರಾವಣ ಹಾಕಿ, ಕರಗಿಸಿ, ಬೆಚ್ಚಗೆ ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ತಿಳಿಯಾಗಿದ್ದ ದ್ರಾವಣ ಕದಡಿ ಹೋಗಿತ್ತು. ಕದಡಿದ್ದು ಅಂದರೆ ಕೋಟಿಗಟ್ಟಲೆ ಹೊಸ ಕೋಶ. ಇಪ್ಪತ್ತು ವರ್ಷ ಉಸಿರಿಲ್ಲದೆ ಬಿದ್ದಿದ್ದ ಜೀವ ಒಂದು ರಾತ್ರಿಯಲ್ಲಿ ಹಿಂದೆ ಬಂದಿತ್ತು.

ಇನ್ನು ಬಿಸಿ. ಇಲ್ಲಿ ನಾಯಕ ಸ್ಪೋರ್. ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಮೊದಲಾದ ಕೆಲವು ಜಾತಿಯ ಬ್ಯಾಕ್ಟೀರಿಯಾ ಆಹಾರ ಕಡಿಮೆಯಾದ ಕೂಡಲೇ ತಮ್ಮೊಳಗೇ ಒಂದು ಗಟ್ಟಿ ಬೀಜದಂಥ ವಸ್ತುವನ್ನು ಕಟ್ಟುತ್ತವೆ. ಕೆಲವು ಗಂಟೆಗಳ ಕೆಲಸ ಅದು. ಕಟ್ಟಿ ಮುಗಿದ ಮೇಲೆ ತಾಯಿ ಕೋಶ ಒಡೆದು ಹೋಗುತ್ತದೆ, ಸ್ಪೋರ್ ಹೊರಗೆ ಬೀಳುತ್ತದೆ. ಗಿಡದ ಬೀಜದ ಹಾಗೆ ಇದು ಸಂಖ್ಯೆ ಹೆಚ್ಚಿಸುವ ದಾರಿಯಲ್ಲ. ಒಂದು ಕೋಶದಿಂದ ಒಂದೇ ಸ್ಪೋರ್. ಉಳಿಯಲಿಕ್ಕೆ ಮಾತ್ರ ಮಾಡಿದ ಪೆಟ್ಟಿಗೆ ಇದು.

1876ರಲ್ಲಿ ಫರ್ಡಿನಾಂಡ್ ಕೋನ್ ಬ್ಯಾಸಿಲಸ್ ಸಬ್ಟಿಲಿಸ್‌ನ ಸ್ಪೋರ್‌ಗಳನ್ನೂ, ರಾಬರ್ಟ್ ಕಾಖ್ ಆಂಥ್ರಾಕ್ಸ್ ರೋಗ ತರುವ ಬ್ಯಾಕ್ಟೀರಿಯಾದ ಸ್ಪೋರ್‌ಗಳನ್ನೂ ವಿವರಿಸಿದರು. ಮರು ವರ್ಷವೇ ಜಾನ್ ಟಿಂಡಾಲ್ ಒಣಹುಲ್ಲು ನೆನೆಸಿದ ನೀರನ್ನು ಎಷ್ಟು ಕುದಿಸಿದರೂ ಕೆಡುತ್ತದಲ್ಲ ಎಂದು ತಲೆ ಕೆಡಿಸಿಕೊಂಡು ಒಂದು ಜಾಣ ಉಪಾಯ ಹುಡುಕಿದರು. ಒಂದೇ ಸಲ ಬಹಳ ಹೊತ್ತು ಕುದಿಸುವ ಬದಲು ಸ್ವಲ್ಪ ಹೊತ್ತು ಕುದಿಸಿ ಬಿಡುವುದು, ಮಾರನೆಯ ದಿನ ಮತ್ತೆ ಕುದಿಸುವುದು, ಅದರ ಮಾರನೆಯ ದಿನ ಇನ್ನೊಮ್ಮೆ. ನಡುವಿನ ಬಿಡುವಿನಲ್ಲಿ ಸ್ಪೋರ್‌ಗಳು ಮೊಳೆತು ಮಾಮೂಲಿ ಕೋಶಗಳಾಗುತ್ತವೆ. ಮಾಮೂಲಿ ಕೋಶ ಕುದಿಗೆ ಸಾಯುತ್ತದೆ. ಸ್ಪೋರ್‌ನ ಬಲವೆಲ್ಲ ಮಲಗಿರುವಾಗ ಮಾತ್ರ ಎಂಬುದು ಈ ಉಪಾಯದಿಂದಲೇ ಗೊತ್ತಾಗುತ್ತದೆ, ಅಲ್ವಾ?

ಸ್ಪೋರ್‌ನ ಒಳಗೆ ಏನಿದೆ? ನಡುವಿನ ತಿರುಳಿನಲ್ಲಿ ನೀರು ಬಹಳ ಕಡಿಮೆ. ಹಸಿ ತೂಕದ ಶೇ. 25ರಿಂದ 50ರಷ್ಟು ಮಾತ್ರ. ಆ ಜಾಗದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿದ ಡೈಪಿಕೋಲಿನಿಕ್ ಆಮ್ಲ ತುಂಬಿಕೊಂಡಿರುತ್ತದೆ. ಸ್ಪೋರ್‌ನ ಒಣ ತೂಕದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಇದೇ. ತಿರುಳಿನ ಸುತ್ತ ನೀರನ್ನೂ ಸುಲಭಕ್ಕೆ ಒಳಗೆ ಬಿಡದ ಪೊರೆ, ಅದರ ಹೊರಗೆ ಕಾರ್ಟೆಕ್ಸ್ ಎಂಬ ದಪ್ಪ ಗೋಡೆ, ಅದರ ಮೇಲೆ ಪ್ರೋಟೀನ್‌ಗಳ ಪದರ ಪದರವಾದ ಕವಚ. ಹೊರಗಿನ ಕವಚ ನೋಡಿ ಅದೇ ಬಿಸಿ ತಡೆಯುತ್ತದೆ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಕವಚದ ಕೆಲಸ ಮುಖ್ಯವಾಗಿ ರಾಸಾಯನಿಕಗಳನ್ನು, ಕಿಣ್ವಗಳನ್ನು ತಡೆಯುವುದು. ಬಿಸಿಯನ್ನು ಎಷ್ಟು ತೆಳುವಾದ ಗೋಡೆ ತಾನೇ ತಡೆದೀತು? ಕುದಿಯುವ ನೀರಿನಲ್ಲಿ ಸ್ಪೋರ್‌ನ ಒಳಗೂ ಅಷ್ಟೇ ಬಿಸಿ ಇರುತ್ತದೆ. ಕಾಪಾಡುವುದು ಒಳಗೆ ನೀರಿಲ್ಲದಿರುವುದು. ನೀರಿದ್ದಾಗ ಬಿಸಿಗೆ ಪ್ರೋಟೀನ್ ಬಿಚ್ಚಿಕೊಂಡು ಹಾಳಾಗುತ್ತದೆ. ನೀರು ಸಾಲದ ಕಡೆ ಬಿಚ್ಚಿಕೊಳ್ಳಲು ಅದಕ್ಕೆ ಜಾಗವೇ ಇರುವುದಿಲ್ಲ.

ಡಿಎನ್‌ಎಗೆ ಬೇರೆಯೇ ಕಾವಲಿದೆ. ಸ್ಪೋರ್‌ನಲ್ಲಿ ಮಾತ್ರ ತಯಾರಾಗುವ ಪುಟ್ಟ ಪ್ರೋಟೀನ್‌ಗಳು ಅದರ ಮೈತುಂಬ ಅಂಟಿಕೊಂಡು, ಅದರ ಸುರುಳಿಯ ಆಕಾರವನ್ನೇ ಸ್ವಲ್ಪ ಬದಲಿಸಿಬಿಡುತ್ತವೆ. ಹಾಗಾಗಿ ನೇರಳಾತೀತ ಕಿರಣ ಬಿದ್ದಾಗ ಸಾಮಾನ್ಯ ಕೋಶದಲ್ಲಿ ಆಗುವ ಗಾಯ ಇಲ್ಲಿ ಆಗುವುದಿಲ್ಲ. ಬೇರೊಂದು ಬಗೆಯ ಗಾಯ ಆಗುತ್ತದೆ. ಅದನ್ನು ಮೊಳಕೆಯೊಡೆಯುವಾಗ ನೇರವಾಗಿ ಸರಿಮಾಡುವ ಕಿಣ್ವವನ್ನೂ ಸ್ಪೋರ್ ಮೊದಲೇ ಜೊತೆಗೆ ಕಟ್ಟಿಟ್ಟುಕೊಂಡಿರುತ್ತದೆ. ಈ ಮುಂದಾಲೋಚನೆ ಕಂಡಾಗೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ನೀರಿನ ಪಾತ್ರ ಎಷ್ಟು ಎಂಬುದಕ್ಕೆ ಆಸ್ಪತ್ರೆಯ ಉಪಕರಣಗಳನ್ನು ಶುದ್ಧ ಮಾಡುವ ರೀತಿಯೇ ಸಾಕ್ಷಿ. ಆಟೋಕ್ಲೇವ್ ಅಂದರೆ ದೊಡ್ಡ ಪ್ರೆಶರ್ ಕುಕ್ಕರ್ ಇದ್ದ ಹಾಗೆ. ಅದರಲ್ಲಿ ಒತ್ತಡದ ಹಬೆಯಿಂದ 121 ಡಿಗ್ರಿಯಲ್ಲಿ 15 ನಿಮಿಷಕ್ಕೆ ಸ್ಪೋರ್‌ಗಳು ಸಾಯುತ್ತವೆ. ಅದೇ ಹಬೆಯಿಲ್ಲದ ಒಣ ಓವನ್‌ನಲ್ಲಾದರೆ 160 ಡಿಗ್ರಿಯಲ್ಲಿ ಎರಡು ಗಂಟೆ ಬೇಕು. ಹಬೆ ಸ್ಪೋರ್‌ನ ಪ್ರೋಟೀನ್‌ಗಳನ್ನು ಕೆಡಿಸಿ ಕೊಲ್ಲುತ್ತದೆ. ಒಣ ಬಿಸಿ ಕೊಲ್ಲುವುದು ಹೆಚ್ಚಾಗಿ ಡಿಎನ್‌ಎ ಹಾಳು ಮಾಡಿ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ಕಲಿತದ್ದು ಒಂದು ತಪ್ಪಿನಿಂದ. ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡಿತೋ ಇಲ್ಲವೋ ನೋಡಲು ಜಿಯೋಬ್ಯಾಸಿಲಸ್ ಸ್ಟಿಯರೊಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್ ಇರುವ ಪುಟ್ಟ ಸೀಸೆಯನ್ನು ಸಾಮಾನಿನ ಜೊತೆ ಒಳಗೆ ಇಡುತ್ತೇವೆ. ಸೀಸೆಯ ದ್ರಾವಣದ ಬಣ್ಣ ನೇರಳೆ. ಆಮೇಲೆ ಅದನ್ನು 55–60 ಡಿಗ್ರಿಯಲ್ಲಿ ಇಟ್ಟು ಕಾಯಬೇಕು. ಸ್ಪೋರ್ ಸತ್ತಿದ್ದರೆ ನೇರಳೆ ನೇರಳೆಯಾಗಿಯೇ ಇರುತ್ತದೆ. ಒಂದಷ್ಟು ಬದುಕಿದ್ದರೂ ಅವು ಬೆಳೆದು ಆಮ್ಲ ಬಿಟ್ಟು ದ್ರಾವಣ ಹಳದಿಯಾಗುತ್ತದೆ. ಒಂದು ದಿನ ಅವಸರದಲ್ಲಿ ಬಟ್ಟೆಯ ಗಂಟುಗಳನ್ನು ಒತ್ತೊತ್ತಾಗಿ ತುಂಬಿದ್ದೆವು. ಮೀಟರ್ 121 ಡಿಗ್ರಿ ತೋರಿಸಿತ್ತು, ಹೊತ್ತೂ ಸರಿಯಿತ್ತು. ಮಾರನೆಯ ದಿನ ನೋಡಿದರೆ ನಡುವಿನ ಗಂಟಿನಲ್ಲಿಟ್ಟಿದ್ದ ಸೀಸೆ ಹಳದಿ. ಗಂಟಿನೊಳಗೆ ಗಾಳಿ ಸಿಕ್ಕಿಕೊಂಡಿತ್ತು, ಹಬೆ ಅಲ್ಲಿಗೆ ತಲುಪಿರಲೇ ಇಲ್ಲ. ಸ್ಪೋರ್‌ಗಳಿಗೆ ಸಿಕ್ಕಿದ್ದು ಬರೀ ಒಣ ಬಿಸಿ, ಅದೂ ಸಾಲದಷ್ಟು. ಆ ಲೋಡ್ ಪೂರ್ತಿ ವಾಪಸ್ ಹಾಕಿ ಮತ್ತೆ ಮಾಡಿದೆವು.

ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಬ್ಯಾಕ್ಟೀರಿಯಾ ಬೇರೆ. ಅವು ಬಿಸಿಯನ್ನು ಸಹಿಸುವುದಲ್ಲ, ಬಿಸಿ ಇಲ್ಲದಿದ್ದರೆ ಅವಕ್ಕೆ ಆಗುವುದೇ ಇಲ್ಲ. ಅಮೆರಿಕದ ಯೆಲ್ಲೊಸ್ಟೋನ್ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ತಂಡಕ್ಕೆ ಸಿಕ್ಕಿದ ಥರ್ಮಸ್ ಅಕ್ವಾಟಿಕಸ್ 70 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಡಿಎನ್‌ಎಯ ಪ್ರತಿಗಳನ್ನು ತೆಗೆಯುವ ಪಿಸಿಆರ್ ಪರೀಕ್ಷೆಗೆ ಬೇಕಾದ, ಬಿಸಿ ತಡೆಯುವ ಕಿಣ್ವ ಮೊದಲು ಬಂದದ್ದು ಇದರಿಂದಲೇ. ಈ ಹೆಸರನ್ನೂ ನೆನಪಿಡಿ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ, ವಿಕಿರಣಕ್ಕೆ ಬರೋಣ. 1956ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಕೊರ್ವಾಲಿಸ್‌ನಲ್ಲಿ ಆರ್ಥರ್ ಆಂಡರ್ಸನ್ ಮತ್ತು ಅವರ ಜೊತೆಗಾರರು ಡಬ್ಬಿಯಲ್ಲಿಟ್ಟ ಮಾಂಸವನ್ನು ಗಾಮಾ ಕಿರಣದಿಂದ ಕೆಡದಂತೆ ಇಡಬಹುದೇ ಎಂದು ನೋಡುತ್ತಿದ್ದರು. ಯಾವ ಜೀವವೂ ಉಳಿಯಬಾರದು ಎಂದುಕೊಂಡಿದ್ದಷ್ಟು ಕಿರಣ ಹಾಯಿಸಿದ ಮೇಲೂ ಒಂದು ಡಬ್ಬಿ ಕೆಟ್ಟಿತು. ಅದರೊಳಗಿಂದ ಸಿಕ್ಕಿದ್ದು ಗುಲಾಬಿ ಕೆಂಪು ಬಣ್ಣದ ಒಂದು ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ನಾಲ್ಕು ನಾಲ್ಕು ಕೋಶ ಒಟ್ಟಿಗೆ ಅಂಟಿಕೊಂಡು ಕಾಣುತ್ತದೆ. ಇವತ್ತು ಅದರ ಹೆಸರು ಡೈನೋಕಾಕಸ್ ರೇಡಿಯೊಡ್ಯೂರನ್ಸ್. ಡೈನೋಸಾರ್‌ನಲ್ಲಿರುವ 'ಡೈನೋ' ಇಲ್ಲಿಯೂ ಇದೆ. ಗ್ರೀಕಿನಲ್ಲಿ ಅದಕ್ಕೆ ಭಯಂಕರ ಎಂಬ ಅರ್ಥ.

ಮೈಗೆ ಬಿದ್ದ ವಿಕಿರಣವನ್ನು ಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮನುಷ್ಯನ ಇಡೀ ಮೈಗೆ ಒಮ್ಮೆಲೇ 5 ಗ್ರೇ ಬಿದ್ದರೆ, ಚಿಕಿತ್ಸೆ ಇಲ್ಲದಿದ್ದರೆ, ಬದುಕುವುದು ಕಷ್ಟ. ಡೈನೋಕಾಕಸ್‌ಗೆ 5,000 ಗ್ರೇ ಬಿದ್ದರೂ ಹೆಚ್ಚಿನ ಕೋಶಗಳು ಬದುಕುತ್ತವೆ. ನೀವು ಓದಿದ 'ಸಾವಿರ ಪಟ್ಟು' ಇದೇ.

ಇದಕ್ಕೆ ವಿಕಿರಣ ತಾಗುವುದೇ ಇಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿಯೇ ತಾಗುತ್ತದೆ. ಅಷ್ಟು ಕಿರಣಕ್ಕೆ ಅದರ ಡಿಎನ್‌ಎಯ ಒಂದೊಂದು ಪ್ರತಿಯಲ್ಲೂ ಸುಮಾರು ಇನ್ನೂರು ಕಡೆ ಎರಡೂ ಎಳೆ ಒಟ್ಟಿಗೆ ತುಂಡಾಗುತ್ತವೆ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಇಂಥ ಹತ್ತು ಹದಿನೈದು ತುಂಡಿಗೇ ಕೈಚೆಲ್ಲುತ್ತದೆ. ಡೈನೋಕಾಕಸ್ ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಮತ್ತೆ ಜೋಡಿಸಿಕೊಳ್ಳುತ್ತದೆ.

ಹೇಗೆ ಜೋಡಿಸುತ್ತದೆ? ಒಂದು ಕೋಶದಲ್ಲಿ ಅದರ ಡಿಎನ್‌ಎಯ ನಾಲ್ಕರಿಂದ ಹತ್ತು ಪ್ರತಿಗಳಿರುತ್ತವೆ. ಒಂದೇ ಪುಸ್ತಕದ ಐದು ಪ್ರತಿಗಳನ್ನು ಯಾರೋ ಮನಬಂದಂತೆ ಹರಿದು ಒಂದೇ ಚೀಲಕ್ಕೆ ತುಂಬಿದರು ಅಂದುಕೊಳ್ಳಿ. ಪ್ರತಿಯೊಂದೂ ಬೇರೆ ಬೇರೆ ಜಾಗದಲ್ಲಿ ಹರಿದಿದೆ. ಒಂದು ಚೂರು ನಿಂತ ಸಾಲು ಇನ್ನೊಂದು ಚೂರಿನ ನಡುವೆ ಇಡಿಯಾಗಿ ಸಿಗುತ್ತದೆ. ಆ ಸಾಲನ್ನು ನೋಡಿಕೊಂಡು ಮುಂದಿನದನ್ನು ಬರೆದುಕೊಂಡು ಹೋದರೆ ಪುಸ್ತಕ ಮತ್ತೆ ಪೂರ್ತಿಯಾಗುತ್ತದೆ. ಡೈನೋಕಾಕಸ್ ಮಾಡುವುದು ಹೆಚ್ಚುಕಡಿಮೆ ಇದನ್ನೇ. ತುಂಡಿನ ತುದಿ ಇನ್ನೊಂದು ತುಂಡನ್ನು ಅಚ್ಚಾಗಿ ಇಟ್ಟುಕೊಂಡು ಉದ್ದವಾಗುತ್ತದೆ. ಹಾಗೆ ಬೆಳೆದ ಎಳೆಗಳು ಒಂದಕ್ಕೊಂದು ಹೊಂದಿಕೊಂಡು ಕೂಡಿಕೊಳ್ಳುತ್ತವೆ. ಕೊನೆಗೆ ರೆಕ್-ಎ ಎಂಬ ಪ್ರೋಟೀನ್ ಬಂದು ಉಂಗುರದಾಕಾರದ ಡಿಎನ್‌ಎಯನ್ನು ಪೂರ್ತಿ ಮಾಡಿಕೊಡುತ್ತದೆ. ಮಿರೊಸ್ಲಾವ್ ರಾಡ್‌ಮನ್ ತಂಡ 2006ರಲ್ಲಿ ಇದನ್ನು ತೋರಿಸಿತು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. 1999ರಲ್ಲಿ ಇದರ ಪೂರ್ತಿ ಜೀನೋಮ್ (ಡಿಎನ್‌ಎಯಲ್ಲಿರುವ ಇಡೀ ಬರಹ) ಓದಿದಾಗ ಯಾವುದೋ ಅದ್ಭುತ ರಿಪೇರಿ ಜೀನ್‌ಗಳು ಸಿಗುತ್ತವೆ ಎಂದು ಎಲ್ಲರೂ ಕಾದಿದ್ದರು. ಸಿಕ್ಕಿದ್ದರಲ್ಲಿ ಬಹುಪಾಲು ಬೇರೆ ಬ್ಯಾಕ್ಟೀರಿಯಾದಲ್ಲೂ ಇರುವ ಮಾಮೂಲಿ ಸಲಕರಣೆ. ಹಾಗಾದರೆ ಅದೇ ಸಲಕರಣೆ ಇಟ್ಟುಕೊಂಡು ಇ. ಕೋಲೈ ಏಕೆ ಸಾಯುತ್ತದೆ?

ಮೈಕೆಲ್ ಡೇಲಿ ತಂಡ 2004 ಮತ್ತು 2007ರಲ್ಲಿ ಕೊಟ್ಟ ಉತ್ತರ ನನಗೆ ತುಂಬಾ ಹಿಡಿಸಿತು. ವಿಕಿರಣ ಕೋಶದೊಳಗೆ ಹೊಕ್ಕಾಗ ಅದಕ್ಕೆ ಹೆಚ್ಚಾಗಿ ಎದುರಾಗುವುದು ನೀರು. ನೀರಿನ ಅಣು ಒಡೆದು ಸಿಕ್ಕಿದ್ದನ್ನೆಲ್ಲ ಕಚ್ಚುವ ಚೂರುಗಳು ಹುಟ್ಟುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ಕೋಶದಲ್ಲಿ ಬಿಡಿ ಕಬ್ಬಿಣ ಜಾಸ್ತಿ ಇದ್ದರೆ ಅದು ಆ ಪೆರಾಕ್ಸೈಡ್ ಜೊತೆ ಸೇರಿ ಇನ್ನಷ್ಟು ಚೂರುಗಳನ್ನು ಹುಟ್ಟಿಸುತ್ತದೆ. ಅವು ಪ್ರೋಟೀನ್‌ಗಳನ್ನು ಹಾಳು ಮಾಡುತ್ತವೆ. ಡಿಎನ್‌ಎ ರಿಪೇರಿ ಮಾಡಬೇಕಾದ ಕಿಣ್ವಗಳೂ ಪ್ರೋಟೀನ್‌ಗಳೇ. ಮನೆಗೆ ಬೆಂಕಿ ಬಿದ್ದಾಗ ಬೆಂಕಿ ಆರಿಸುವವರೇ ಮೊದಲು ಸತ್ತ ಹಾಗೆ. ಡೈನೋಕಾಕಸ್‌ನಲ್ಲಿ ಕಬ್ಬಿಣ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಆ ಮ್ಯಾಂಗನೀಸ್ ಫಾಸ್ಫೇಟ್, ಪೆಪ್ಟೈಡ್‌ನಂಥ ಸಣ್ಣ ಅಣುಗಳ ಜೊತೆ ಸೇರಿ ಈ ಕಚ್ಚುವ ಚೂರುಗಳನ್ನು ಅಡಗಿಸುತ್ತದೆ. ಡಿಎನ್‌ಎ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ತುಂಡಾಗುತ್ತದೆ. ಇಲ್ಲಿ ಮಾತ್ರ ರಿಪೇರಿ ಮಾಡುವವರು ಉಳಿದಿರುತ್ತಾರೆ. ಕಬ್ಬಿಣ ತುಂಬಿಕೊಂಡಿರುವ ಶೆವನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಪೂರಾ ತದ್ವಿರುದ್ಧ. ಡಿಎನ್‌ಎ ಕೆಲವೇ ಕಡೆ ತುಂಡಾಗುವಷ್ಟು ಕಿರಣಕ್ಕೇ, ಸುಮಾರು 70 ಗ್ರೇಗೆ, ಹತ್ತರಲ್ಲಿ ಒಂಬತ್ತು ಕೋಶ ಸಾಯುತ್ತವೆ.

ಇಲ್ಲೂ ನೀರು ಬಂತು ನೋಡಿ. ಹಾಗಾದರೆ ನೀರು ತೆಗೆದರೆ? 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡೈನೋಕಾಕಸ್‌ಅನ್ನು ಒಣಗಿಸಿ, ಹೆಪ್ಪುಗಟ್ಟಿಸಿ ಕಿರಣಕ್ಕೆ ಒಡ್ಡಿದರು. ದ್ರವದಲ್ಲಿದ್ದಾಗ 25,000 ಗ್ರೇವರೆಗೆ ತಡೆದದ್ದು ಈಗ 1,40,000 ಗ್ರೇ ಬಿದ್ದ ಮೇಲೂ ಉಳಿದಿತ್ತು.

ಇದೆಲ್ಲ ಎಲ್ಲಿ ಕಲಿಯಿತು ಎಂಬ ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು. ವಿಜ್ಞಾನಿಗಳನ್ನೂ ಅದು ವರ್ಷಗಟ್ಟಲೆ ಕಾಡಿತ್ತು. ಭೂಮಿಯ ಮೇಲೆ ಹೆಚ್ಚಿನ ಕಡೆ ಸಹಜವಾಗಿ ಬೀಳುವ ವಿಕಿರಣ ವರ್ಷಕ್ಕೆ ಒಂದು ಗ್ರೇಯ ಸಾವಿರ ಭಾಗಗಳಲ್ಲಿ ಒಂದೆರಡು ಭಾಗ ಮಾತ್ರ. ಆ ಲೆಕ್ಕದಲ್ಲಿ 5,000 ಗ್ರೇ ಆಗಲು ಹತ್ತಾರು ಲಕ್ಷ ವರ್ಷ ಬೇಕು. ಮಂಗಳ ಗ್ರಹದಿಂದ ಬಂದಿರಬೇಕು ಎಂದು ವಾದಿಸಿದವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಇದರ ವಂಶಾವಳಿ ನೋಡಿದರೆ ಹತ್ತಿರದ ದಾಯಾದಿ ಯಾರು ಗೊತ್ತೇ? ಆಗಲೇ ಹೇಳಿದ ಬಿಸಿನೀರಿನ ಥರ್ಮಸ್. ಇದು ಈ ಮಣ್ಣಿನದೇ ಕೂಸು.

ಸರಿಯಾದ ಉತ್ತರ ಸಿಕ್ಕಿದ್ದು 1996ರಲ್ಲಿ. ವಲೆರಿ ಮ್ಯಾಟಿಮೋರ್ ಮತ್ತು ಜಾನ್ ಬಟಿಸ್ಟಾ ವಿಕಿರಣ ತಡೆಯುವ ಶಕ್ತಿ ಕಳೆದುಕೊಂಡ ಡೈನೋಕಾಕಸ್‌ನ 41 ತಳಿಗಳನ್ನು ಆರು ವಾರ ಒಣಗಿಸಿಟ್ಟು ನೋಡಿದರು. ಒಂದೂ ಬಿಡದೆ ಎಲ್ಲವೂ ಒಣಗುವಿಕೆಗೂ ಸೋತಿದ್ದವು. ವಿಕಿರಣವನ್ನು ಗೆಲ್ಲುವ ಉಪಕರಣವೂ, ಒಣಗುವುದನ್ನು ಗೆಲ್ಲುವ ಉಪಕರಣವೂ ಒಂದೇ ಎಂದಾಯಿತು. ಒಣಗಿದರೂ ಡಿಎನ್‌ಎ ತುಂಡಾಗುತ್ತದೆ ಎಂದು ಮೊದಲೇ ಹೇಳಿದ್ದೆನಲ್ಲ. ಒಣಗುವುದು ಭೂಮಿಯ ಮೇಲೆ ದಿನನಿತ್ಯದ ಮಾತು. ಮಣ್ಣು ಒಣಗುತ್ತದೆ, ನೆನೆಯುತ್ತದೆ, ಮತ್ತೆ ಒಣಗುತ್ತದೆ. ಕೋಟ್ಯಂತರ ವರ್ಷ ಆ ಪಾಠ ಕಲಿತ ಜೀವಕ್ಕೆ ಗಾಮಾ ಕಿರಣ ಎದುರಾದಾಗ ಆದ ಗಾಯ ಹಳೆಯ ಪರಿಚಯದ್ದೇ ಆಗಿತ್ತು. ಒಣಗುವುದಕ್ಕೆ ಮಾಡಿಕೊಂಡ ಮದ್ದು ವಿಕಿರಣಕ್ಕೂ ಆಯಿತು.

ಬಾಹ್ಯಾಕಾಶದಲ್ಲಿ ಉಳಿಯುವುದಕ್ಕೂ ಇದೇ ಮದ್ದು. ಜಪಾನಿನ ತಾನ್‌ಪೊಪೊ ಪ್ರಯೋಗದಲ್ಲಿ ಒಣಗಿಸಿದ ಡೈನೋಕಾಕಸ್ ಬಿಲ್ಲೆಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಮೂರು ವರ್ಷ ಇಟ್ಟಿದ್ದರು. ಅರ್ಧ ಮಿಲಿಮೀಟರ್‌ಗಿಂತ ದಪ್ಪ ಇದ್ದ ಬಿಲ್ಲೆಗಳ ಒಳಗೆ ಜೀವ ಉಳಿದಿತ್ತು. ಮೇಲಿನ ಪದರದವು ಸತ್ತು, ಕೆಳಗಿನವಕ್ಕೆ ನೆರಳಾಗಿದ್ದವು.

ಸ್ಪೋರ್‌ಗಳು ಕೋಟ್ಯಂತರ ವರ್ಷ ಬದುಕುತ್ತವೆ ಎಂಬ ಸುದ್ದಿಯನ್ನೂ ನೀವು ನೋಡಿರಬಹುದು. ಅದಕ್ಕೆ ಸ್ವಲ್ಪ ತಡೆದು ತಲೆದೂಗಿ. ಮಲಗಿದ ಸ್ಪೋರ್ ರಿಪೇರಿ ಮಾಡಿಕೊಳ್ಳುವುದಿಲ್ಲ. ಗಾಯಗಳು ಒಂದೊಂದಾಗಿ ಸೇರುತ್ತಲೇ ಹೋಗುತ್ತವೆ. ಈಚಿನ ಬ್ಯಾಕ್ಟೀರಿಯಾ ಎಲ್ಲಿಂದಲೋ ಬಂದು ಸೇರಿಲ್ಲ ಎಂದು ಖಚಿತ ಮಾಡುವುದೂ ಬಲು ಕಷ್ಟ. ಹತ್ತಾರು ವರ್ಷಗಳ ಮಾತಾದರೆ ಅನುಮಾನವೇ ಬೇಡ. ಸ್ಕಾಟ್ಲೆಂಡಿನ ಗ್ರಿನಾರ್ಡ್ ದ್ವೀಪದಲ್ಲಿ 1942ರಲ್ಲಿ ಆಂಥ್ರಾಕ್ಸ್ ಸ್ಪೋರ್‌ಗಳ ಬಾಂಬ್ ಪರೀಕ್ಷೆ ಮಾಡಿದ್ದರು. 1986ರಲ್ಲಿ ಸಮುದ್ರದ ನೀರಿಗೆ ಫಾರ್ಮಾಲ್ಡಿಹೈಡ್ ಬೆರೆಸಿ ನೆಲಕ್ಕೆಲ್ಲ ಸುರಿದ ಮೇಲೆ, 1990ರಲ್ಲಿ ಆ ದ್ವೀಪ ಸುರಕ್ಷಿತ ಎಂದು ಹೇಳಲು ಸಾಧ್ಯವಾಯಿತು.

ಕೊನೆಗೆ ಅಪಾಯದ ಮಾತು. ಗಟ್ಟಿ ಬ್ಯಾಕ್ಟೀರಿಯಾ ಎಲ್ಲವೂ ಕೆಟ್ಟ ಬ್ಯಾಕ್ಟೀರಿಯಾ ಅಲ್ಲ. ಡೈನೋಕಾಕಸ್ ಮನುಷ್ಯರಿಗೆ ರೋಗ ತರುವುದಿಲ್ಲ. ಕುಡಿಯುವ ನೀರನ್ನು ಕುದಿಸುವ ರೂಢಿಯನ್ನು ಖಂಡಿತ ಬಿಡಬೇಡಿ. ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಸ್ಪೋರ್ ಕಟ್ಟುವುದಿಲ್ಲ, ಕುದಿಗೆ ಸಾಯುತ್ತವೆ. ನೀವು ಚಿಕ್ಕಂದಿನಲ್ಲಿ ಕೇಳಿದ್ದು ಕುಡಿಯುವ ನೀರಿನ ಮಟ್ಟಿಗೆ ಸರಿಯಾಗಿಯೇ ಇದೆ. ಎಚ್ಚರ ಬೇಕಾದದ್ದು ಬೇರೆ ಮೂರು ಕಡೆ. ಬೇಯಿಸಿದ ಆಹಾರವನ್ನು ಬಹಳ ಹೊತ್ತು ಉಗುರು ಬೆಚ್ಚಗೆ ಬಿಟ್ಟರೆ, ಬೇಯುವಾಗ ಸಾಯದೆ ಉಳಿದ ಸ್ಪೋರ್‌ಗಳು ಮೊಳೆತು ವಿಷ ಬಿಡಬಹುದು. ಹಾಗೆ ಬಿಟ್ಟ ವಿಷಗಳಲ್ಲಿ ಕೆಲವು ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಬೇಗ ತಣ್ಣಗೆ ಮಾಡಿ ಫ್ರಿಜ್‌ನಲ್ಲಿಡಿ. ಹುಳಿ ಇಲ್ಲದ ಪದಾರ್ಥವನ್ನು ಮನೆಯಲ್ಲಿ ಡಬ್ಬಿಗೆ ಹಾಕಿ ಗಾಳಿಯಾಡದಂತೆ ಮುಚ್ಚಿಡುವುದಾದರೆ ಬರೀ ಕುದಿಸಿದರೆ ಸಾಲದು, ಒತ್ತಡದ ಹಬೆಯೇ ಬೇಕು. ಇಲ್ಲದಿದ್ದರೆ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷದ ಕಾಯಿಲೆ ತರುವ ಕ್ಲಾಸ್ಟ್ರಿಡಿಯಂನ ಸ್ಪೋರ್ ಉಳಿಯುತ್ತದೆ. ಇನ್ನು ಆಲ್ಕೋಹಾಲ್ ಸ್ಯಾನಿಟೈಸರ್. ಅದು ಸ್ಪೋರ್‌ಗಳನ್ನು ಕೊಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಸ್ಪೋರ್ ಕಟ್ಟುವ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿಯಾದ ರೋಗಿಯನ್ನು ನೋಡಿಕೊಳ್ಳುತ್ತಿದ್ದರೆ ಕೈಗೆ ಸ್ಯಾನಿಟೈಸರ್ ಹಚ್ಚಿ ಸುಮ್ಮನಾಗಬೇಡಿ. ಸೋಪು ಹಚ್ಚಿ, ಚೆನ್ನಾಗಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಸೋಪೂ ಸ್ಪೋರ್‌ಅನ್ನು ಕೊಲ್ಲುವುದಿಲ್ಲ, ಆದರೆ ಉಜ್ಜಿ ತೊಳೆದಾಗ ಅದು ಕೈ ಬಿಟ್ಟು ನೀರಿನ ಜೊತೆ ಹೋಗುತ್ತದೆ.